ಕುದುರೆಗಳ ಕೀಲುರೋಗ ಮತ್ತು ಶಸ್ತ್ರಚಿಕಿತ್ಸೆ: ದಖ್ಖನಿನ ಚರಿತ್ರೆ

ಕುದುರೆಯ ಕೀಲುಗಳಲ್ಲಿ ಕಾಣಿಸಿಕೊಳ್ಳುವ ಉರಿಯೂತ, ಮೃದ್ವಸ್ಥಿಯ ಸವೆತ, ಮೂಳೆಚೂರು ಮತ್ತು ಕೀವನ್ನು ಶಸ್ತ್ರದಿಂದ ಗುಣಪಡಿಸಲು ನಡೆದ ಪ್ರಯತ್ನಗಳ ಇತಿಹಾಸ. ಇದರ ದಖ್ಖನಿ ಅಧ್ಯಾಯಕ್ಕೆ ಇಂದಿನ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಗಳು ಮುಖ್ಯ ನೆಲೆ. ಸೇವುಣ (ಯಾದವ) ಅರಸರು ಮೊದಲು ನಾಸಿಕ್ ಸೀಮೆಯ ಸಿನ್ನರದಿಂದಲೂ 12ನೆಯ ಶತಮಾನದ ಕೊನೆಯಿಂದ ಸಂಭಾಜಿನಗರದ ಬಳಿಯ ದೇವಗಿರಿಯಿಂದಲೂ ಆಳಿದರು. ಅಹ್ಮದ್‌ನಗರ ಸುಲ್ತಾನರ ಮಂತ್ರಿ ಮಲಿಕ್ ಅಂಬರ್ 1610ರಲ್ಲಿ ಕಟ್ಟಿದ ಖಡ್ಕಿಯೇ ಮುಂದೆ ಔರಂಗಾಬಾದ್ ಆಯಿತು. ಅವನ ಸವಾರರು, ಮರಾಠಾ ದಂಡು, ಆಮೇಲೆ ನಿಜಾಮನ ಹೈದರಾಬಾದ್ ಕಂಟಿಂಜೆಂಟ್‌ನ ಅಶ್ವದಳ ಎಲ್ಲವೂ ಈ ಸೀಮೆಯ ಕಲ್ಲುನೆಲದ ಮೇಲೆಯೇ ಕುದುರೆ ಓಡಿಸಿದವು. ಇಂಥ ಓಟದ ಭಾರ ಮೊದಲು ಬೀಳುವುದು ಕುದುರೆಯ ಕೀಲುಗಳ ಮೇಲೆ.

ಪ್ರಾಚೀನ ಗ್ರಂಥಗಳು. ಸೇವುಣರಿಗೆ ಬಹುಕಾಲ ಒಡೆಯರಾಗಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸು. 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿದೆ. ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ದ ಬಳಿಕ, ಸು. 1400ರಲ್ಲಿ ಅಭಿನವಚಂದ್ರ ‘ಅಶ್ವವೈದ್ಯ’ವನ್ನು ಬರೆದ. ಸಂಸ್ಕೃತದಲ್ಲಿ ಜಯದತ್ತನ ‘ಅಶ್ವವೈದ್ಯಕ’ ಪ್ರಮುಖ ಕೃತಿ. ಅದು 1887ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು.

ಈ ಪರಂಪರೆಯನ್ನು ಪರಿಚಯಿಸುವ ಬರಹಗಳಲ್ಲಿ ಒಂದು ಗೊಂದಲ ಮತ್ತೆ ಮತ್ತೆ ತಲೆದೋರುತ್ತದೆ. ಕಾದ ಕಬ್ಬಿಣದಿಂದ ಬರೆ ಹಾಕುವುದು, ರಕ್ತ ತೆಗೆಯುವುದು, ಕ್ಷಾರ ಹಚ್ಚುವುದು ಎಲ್ಲವನ್ನೂ ಒಟ್ಟಾಗಿ ‘ಕೀಲಿನ ಶಸ್ತ್ರಚಿಕಿತ್ಸೆ’ ಎಂದು ಎಣಿಸುವುದು ರೂಢಿಯಾಗಿದೆ. ಬರೆ ಬೀಳುವುದು ಕೀಲಿನ ಮೇಲಿನ ಚರ್ಮಕ್ಕೆ. ಒಳಗಿನ ಮೃದ್ವಸ್ಥಿಗೆ ಅದು ತಾಕುವುದಿಲ್ಲ. ಕೀಲನ್ನೇ ತೆರೆಯುವುದು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಅರಿವಳಿಕೆಯಾಗಲಿ ಕ್ರಿಮಿಶುದ್ಧಿಯಾಗಲಿ ಇಲ್ಲದೆ ಕೀಲುಚೀಲ ಕೊಯ್ದರೆ ಒಳದ್ರವಕ್ಕೆ ಸೋಂಕು ತಗಲುವುದು ಬಹುಪಾಲು ಖಚಿತ. ನಾನೂರು ಐನೂರು ಕಿಲೋ ತೂಗುವ ಪ್ರಾಣಿಯನ್ನು ವಾರಗಟ್ಟಲೆ ಮಲಗಿಸಿ ಉಳಿಸಿಕೊಳ್ಳುವುದೂ ಆಗದ ಮಾತು. ಹಳೆಯ ವೈದ್ಯರು ಕೀಲನ್ನು ಮುಟ್ಟದಿದ್ದುದು ಅವರ ವಿವೇಕವೆಂದೇ ತಿಳಿಯಬೇಕು.

ನರಚ್ಛೇದನದ ವಿವಾದ. ಈ ಚರಿತ್ರೆಯಲ್ಲಿ ದಾಖಲೆ ಹೆಚ್ಚು ತೊಡಕಾಗಿರುವುದು ಇಲ್ಲಿ. ಗೊರಸಿನೊಳಗಿನ ಕೀಲಿನ ಹಿಂಬದಿಗೆ ದೋಣಿಯಾಕಾರದ ಒಂದು ಸಣ್ಣ ಮೂಳೆಯಿದೆ. ಅದಕ್ಕೆ ತಗಲುವ, ಮುಂಗಾಲು ಕುಂಟಿಸುವ ರೋಗವನ್ನು ಇಂಗ್ಲೆಂಡಿನ ಜೇಮ್ಸ್ ಟರ್ನರ್ 1816ರಲ್ಲಿ ಗುರುತಿಸಿದ. ಆ ಭಾಗದ ಸಂವೇದನಾ ನರವನ್ನು ಕತ್ತರಿಸಿ ನೋವು ನೀಗಿಸುವ ವಿಧಾನವನ್ನು ಲಂಡನ್ ಪಶುವೈದ್ಯ ಕಾಲೇಜಿನ ವಿಲಿಯಂ ಸ್ಯೂವೆಲ್ 1818ರಲ್ಲಿ ಪ್ರಕಟಿಸಿದ. 1808ರಲ್ಲಿ ಬಿಹಾರದ ಪೂಸಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಸಾಕಣೆ ಕೇಂದ್ರದ ಮೇಲ್ವಿಚಾರಕನಾಗಿ ಬಂದಿದ್ದ ವಿಲಿಯಂ ಮೂರ್‌ಕ್ರಾಫ್ಟ್, ಲಂಡನ್ನಿನಲ್ಲಿದ್ದಾಗಲೇ ತಾನು ಇದನ್ನು ಮಾಡಿದ್ದೆನೆಂದು ಭಾರತದಿಂದ ಬರೆದು ಹಕ್ಕು ಸಾಧಿಸಿದ. ಅವನ ಮಾತು ನಿಜವಾದರೆ ಸ್ಯೂವೆಲ್‌ಗಿಂತ ಹತ್ತು ವರ್ಷವಾದರೂ ಹಿಂದಿನ ಸಂಗತಿ ಇದು. ಪ್ರಕಟಿಸಿದ ಶ್ರೇಯವನ್ನು ಸ್ಯೂವೆಲ್‌ಗೂ ಮೊದಲು ಮಾಡಿದ ಶ್ರೇಯವನ್ನು ಮೂರ್‌ಕ್ರಾಫ್ಟ್‌ಗೂ ಹಂಚಿಕೊಡುವುದೇ ನ್ಯಾಯ. ಏನೇ ಇರಲಿ, ನರ ಕತ್ತರಿಸಿದರೆ ಹೋಗುವುದು ನೋವು. ರೋಗ ಉಳಿದೇ ಇರುತ್ತದೆ. ನೋವು ತಿಳಿಯದ ಕುದುರೆ ಕೆಟ್ಟ ಪಾದದ ಮೇಲೆ ಪೂರ್ತಿ ಭಾರ ಹಾಕಿ ಸ್ನಾಯುರಜ್ಜು ಹರಿದುಕೊಳ್ಳುವ ಅಪಾಯವುಂಟು. ಕತ್ತರಿಸಿದ ನರ ಮತ್ತೆ ಬೆಳೆಯುವುದೂ ಉಂಟು.

ವಸಾಹತು ಕಾಲ. 1862ರಲ್ಲಿ ಪುಣೆಯಲ್ಲಿ ಸೈನ್ಯದ ಪಶುವೈದ್ಯ ಶಾಲೆ, 1886ರಲ್ಲಿ ಮುಂಬೈಯ ಪರೇಲಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾದವು. ಕ್ಲೋರೋಫಾರ್ಮ್ ಬಂದ ಮೇಲೂ ಬರೆ ಮತ್ತು ಗುಳ್ಳೆ ಎಬ್ಬಿಸುವ ಲೇಪಗಳೇ ಮುಂದುವರಿದವು. ದೇಶಿ ವೈದ್ಯನ ಕಬ್ಬಿಣಕ್ಕೂ ದಂಡಿನ ವೈದ್ಯನ ಕಬ್ಬಿಣಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿರಲಿಲ್ಲ. ಬರೆಯ ಪ್ರಯೋಜನವನ್ನು ಕ್ರಮವಾಗಿ ಪರೀಕ್ಷಿಸಿದ್ದು ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ. ಸ್ನಾಯುರಜ್ಜಿನ ಗಾಯಕ್ಕೆ ಅದರಿಂದ ಯಾವ ಲಾಭವೂ ಇಲ್ಲವೆಂದು ಆ ತಂಡ 1983ರಲ್ಲಿ ವರದಿ ಮಾಡಿತು; 1991ರಲ್ಲಿ ಬ್ರಿಟನ್ನಿನ ಪಶುವೈದ್ಯ ನಿಯಂತ್ರಣ ಸಂಸ್ಥೆ ಬರೆಯನ್ನು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸಾರಿತು.

ಕೀಲುದರ್ಶಕದ ಯುಗ. ನಿಜವಾದ ತಿರುವು 1970ರ ದಶಕದ್ದು. ನ್ಯೂಜಿಲೆಂಡ್ ಮೂಲದ ವೇಯ್ನ್ ಮೆಕ್‌ಇಲ್ರೇತ್ ಅಮೆರಿಕದ ಕೊಲೊರಾಡೊದಲ್ಲಿ ಕುದುರೆಗಳ ಆರ್ತ್ರೋಸ್ಕೋಪಿಯನ್ನು ಶಸ್ತ್ರಚಿಕಿತ್ಸೆಯಾಗಿ ಬೆಳೆಸಿ, 1984ರಲ್ಲಿ ಅದರ ಪಠ್ಯಪುಸ್ತಕ ತಂದ. ಕೀಲಿಗೆ ದ್ರವ ತುಂಬಿ, ಒಂದು ಸಣ್ಣ ರಂಧ್ರದಲ್ಲಿ ನಾಲ್ಕು ಮಿ.ಮೀ. ದಪ್ಪದ ದರ್ಶಕವನ್ನೂ ಇನ್ನೊಂದರಲ್ಲಿ ಚಿಮುಟವನ್ನೂ ತೂರಿಸಿ ಮೂಳೆಚೂರು ತೆಗೆಯುವ ವಿಧಾನ ಇದು. 1987ರಲ್ಲಿ ಅವನ ತಂಡ ಪ್ರಕಟಿಸಿದ ಫಲಿತಾಂಶದಂತೆ, ಮುಂಗಾಲಿನ ಮೊಣಕಾಲಿಂದ ಚೂರು ತೆಗೆಸಿಕೊಂಡ ರೇಸ್ ಕುದುರೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಂದಿನ ಮಟ್ಟಕ್ಕೆ ಅಥವಾ ಅದಕ್ಕೂ ಮೇಲೆ ಓಡಿದವು. ಮೃದ್ವಸ್ಥಿ ಹೆಚ್ಚು ಕೆಟ್ಟಿದ್ದವುಗಳಲ್ಲಿ ಈ ಪ್ರಮಾಣ ಅರ್ಧದ ಹತ್ತಿರಕ್ಕೆ ಇಳಿಯಿತು. ಚಲನೆ ಕಡಿಮೆಯಿರುವ ಹಿಂಗಾಲಿನ ಸಣ್ಣ ಕೀಲುಗಳು ತೀರ ಸವೆದಿದ್ದರೆ ಮೂಳೆಗಳನ್ನು ಬೆಸೆದು ನೋವು ನಿಲ್ಲಿಸುತ್ತಾರೆ. ಹೆಚ್ಚು ಮಡಚುವ ಕೀಲಿಗೆ ಈ ಉಪಾಯ ನಡೆಯದು. ಪೂರ್ಣ ಅರಿವಳಿಕೆಯೂ ಅಪಾಯವಿಲ್ಲದ್ದಲ್ಲ: ನಲವತ್ತು ಸಾವಿರಕ್ಕೂ ಹೆಚ್ಚು ಕುದುರೆಗಳ ಒಂದು ಸಮೀಕ್ಷೆಯಲ್ಲಿ, ಉದರಶೂಲೆಯ ಪ್ರಕರಣಗಳನ್ನು ಬಿಟ್ಟರೂ ನೂರಕ್ಕೆ ಸುಮಾರು ಒಂದು ಕುದುರೆ ಸತ್ತಿತ್ತು.

ಭಾರತದಲ್ಲಿ ಈ ವಿದ್ಯೆಗೆ ಆಧಾರವಾಗಿರುವುದು ರೇಸ್. ಬೆಂಗಳೂರು, ಮೈಸೂರು, ಮುಂಬೈ, ಪುಣೆಗಳಲ್ಲಿ ಎರಡು ಮೂರು ವರ್ಷದ ಎಳೆಯ ಕುದುರೆಗಳು ಓಡುತ್ತವೆ, ಅವುಗಳ ಕೀಲಿಗೆ ಹಣ ಖರ್ಚು ಮಾಡುವ ಮಾಲೀಕರೂ ಇದ್ದಾರೆ. ಕರ್ನಾಟಕದಲ್ಲಿ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಕಾಲೇಜು ತರಬೇತಿಯ ನೆಲೆ.

ಸದ್ಯದ ಸ್ಥಿತಿ. ನಾಸಿಕ್ ಮತ್ತು ಸಂಭಾಜಿನಗರದ ಕುದುರೆಗಳು ಟಾಂಗಾ, ಮದುವೆ ಮೆರವಣಿಗೆ ಮತ್ತು ಜಾತ್ರೆಯವು. ನಾಸಿಕ್ ಜಿಲ್ಲೆಯ ಯೇವಲೆಯಲ್ಲಿ ಮಂಗಳವಾರದ ಕುದುರೆ ಸಂತೆ ಇಂದಿಗೂ ನಡೆಯುತ್ತದೆ. ಪಶುವೈದ್ಯ ಕಾಲೇಜು ಬೇಕಾದರೆ ಮುಂಬೈಗೋ, 1972ರಲ್ಲಿ ಆರಂಭವಾದ ಪರಭಣಿಯ ಕಾಲೇಜಿಗೋ ಹೋಗಬೇಕು. ಕುಂಟುವ ಕುದುರೆಗೆ ಆ ಲಾರಿ ಪ್ರಯಾಣವೇ ಹಿಂಸೆ. ದೊಡ್ಡ ಸಲಕರಣೆಯಿಲ್ಲದೆ ಇಲ್ಲಿ ಸಾಧ್ಯವಿರುವ ಶಸ್ತ್ರಕ್ರಿಯೆ ಒಂದಿದೆ. ಹುಟ್ಟಿದ ಕೆಲ ದಿನಗಳಲ್ಲಿ ಹೊಕ್ಕುಳಿನ ಸೋಂಕು ಏರಿ ಮರಿಯ ಕೀಲು ಊದಿದಾಗ, ಎರಡು ದಪ್ಪ ಸೂಜಿಗಳಿಂದ ಕೀಲನ್ನು ಲವಣದ್ರಾವಣದಲ್ಲಿ ತೊಳೆದು ಪ್ರತಿಜೀವಕ ಕೊಡುವುದು. ಒಂದೆರಡು ದಿನ ತಡವಾದರೂ ಮೃದ್ವಸ್ಥಿ ಶಾಶ್ವತವಾಗಿ ಕೆಡಬಹುದು. ಮರಿ ಕುಂಟಿದರೆ ತಾಯಿ ತುಳಿದಿರಬೇಕೆಂದು ಕಾಯುತ್ತ ಕೂರದೆ ಅಂದೇ ವೈದ್ಯರನ್ನು ಕರೆಸಬೇಕು. ರೋಗದಿಂದಲೋ ಗಾಯದಿಂದಲೋ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸಂತೆಯಲ್ಲಿ ಕುದುರೆ ಕೊಳ್ಳುವವರು ಮೊಣಕಾಲಿನ ಮೇಲೆ ಬರೆಯ ಗೆರೆಗಳನ್ನು ಕಂಡರೆ, ವಾಸಿಯಾದ ಕೀಲು ಎಂಬ ಮಾರುವವನ ಮಾತನ್ನು ನಂಬದೆ, ಗಟ್ಟಿ ನೆಲದ ಮೇಲೆ ಓಡಿಸಿ ನೋಡಬೇಕು.