ಗಾಜಿನ ಮೇಲಿನ ಆಕಾಶಶಾಸನ

ವಕ್ಕಲೇರಿಯೆಂದೊಡನೆ ಶಾಸನಪ್ರಿಯರಿಗೆ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಪಟ ನೆನಪಾಗುತ್ತದೆ. ಆಕಾಶದ ಬರಹವನ್ನು ಹಿಡಿದಿಟ್ಟದ್ದು ಗಾಜಿನ ಫಲಕ. ಮಾಘದ ಅಮಾವಾಸ್ಯೆಯ ರಾತ್ರಿ ಆ ಊರ ಬಯಲಿನಲ್ಲಿ ನಿಂತು, ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳ ದಕ್ಷಿಣಕ್ಕೆ ನೋಡಿರಿ. ಮಸುಕಾದ ಮಚ್ಚೆಯೊಂದು ಕಂಡೀತು. ಅದೇ ನೀಹಾರಿಕೆ. ಎಷ್ಟು ಹೊತ್ತು ದಿಟ್ಟಿಸಿದರೂ ಕಣ್ಣು ಬೆಳಕನ್ನು ಕೂಡಿಡಲಾರದು. ಫೋಟೋ ಫಲಕ ಕೂಡಿಡಬಲ್ಲುದು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 51 ನಿಮಿಷ ಫಲಕವನ್ನು ತೆರೆದಿಟ್ಟು ಇದರ ಮೊದಲ ಚಿತ್ರ ಪಡೆದನು. 1883ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಆಂಡ್ರೂ ಕಾಮನ್, ಈಲಿಂಗ್‌ನ ತನ್ನ ಮನೆಯ ತೋಟದಲ್ಲಿ, 36 ಅಂಗುಲದ ಕನ್ನಡಿಯಿಂದ ತೆಗೆದ ಚಿತ್ರದಲ್ಲಂತೂ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದುವು. ಇಬ್ಬರೂ ಹವ್ಯಾಸಿಗಳೆಂಬುದನ್ನು ಗಮನಿಸಿರಿ! ಇಂದಿನ ಹವ್ಯಾಸಿ ಪುಟ್ಟ ದೂರದರ್ಶಕದಿಂದ ಹತ್ತಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾನೆ. ಆದರೆ ಬೀದಿದೀಪದ ಬೆಳಕೂ ಅದರೊಡನೆಯೇ ಕೂಡುತ್ತ ಹೋಗುತ್ತದೆ.