ಕ್ಯಾಂಪರ್ ವ್ಯಾನ್ ಪತ್ತೆ ಸಾಧನ

ಹಾಸಿಗೆ, ಒಲೆ, ನೀರಿನ ಟ್ಯಾಂಕು, ಕೆಲವುಗಳಲ್ಲಿ ಶೌಚಾಲಯವೂ ಒಳಗೇ ಇರುವ ಪ್ರವಾಸಿ ಗಾಡಿ ಕ್ಯಾಂಪರ್ ವ್ಯಾನ್. ಅದು ಕಳವಾದರೆ ಎಲ್ಲಿದೆ ಎಂದು ತಿಳಿಸಲು ಒಳಗೆ ಬಚ್ಚಿಡುವ ಉಪಕರಣಕ್ಕೆ ಬಳಕೆಮಾತಿನಲ್ಲಿ ಜಿಪಿಎಸ್ ಟ್ರ್ಯಾಕರ್ ಎಂದು ಹೆಸರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಡಬ್ಬಿಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್, ಸಿಮ್ ಹಾಕಿದ ಮೋಡೆಮ್, ಅಲುಗಾಟ ಗುರುತಿಸುವ ಸೆನ್ಸರ್ ಮತ್ತು ಪುಟ್ಟ ಬ್ಯಾಟರಿ ಇರುತ್ತವೆ. ಬಾಗಿಲು, ಸ್ಟೇರಿಂಗುಗಳ ಬೀಗ ಸೋತ ಮೇಲೆ ಇದರ ಕೆಲಸ ಶುರುವಾಗುತ್ತದೆ.

ಕಾರಿನ ಟ್ರ್ಯಾಕರನ್ನೇ ವ್ಯಾನಿಗೂ ಹಾಕುವುದುಂಟು. ಆದರೆ ಎರಡು ಗಾಡಿಗಳ ದಿನಚರಿ ಬೇರೆ. ಕಾರು ದಿನವೂ ಓಡುತ್ತದೆ, ರಾತ್ರಿ ಕಾಣೆಯಾದರೆ ಬೆಳಗ್ಗೆ ಮಾಲೀಕನಿಗೆ ತಿಳಿಯುತ್ತದೆ. ಬ್ರಿಟನ್, ಜರ್ಮನಿಗಳ ಕ್ಯಾಂಪರ್ ವ್ಯಾನ್ ಅಕ್ಟೋಬರ್ ಕೊನೆಗೆ ನಿಂತರೆ ಎಷ್ಟೋ ಸಲ ಮತ್ತೆ ಹೊರಡುವುದು ಈಸ್ಟರ್ ಹೊತ್ತಿಗೆ. ಊರಾಚೆಯ ಬಾಡಿಗೆ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತ ಗಾಡಿ ಹೋದದ್ದು ಗೊತ್ತಾಗಲು ವಾರಗಳೇ ಹಿಡಿಯಬಹುದು. ವ್ಯಾನಿನ ಟ್ರ್ಯಾಕರಿಗೆ ಇರುವ ಹೆಚ್ಚಿನ ತೊಡಕುಗಳೆಲ್ಲ ಈ ದೀರ್ಘ ನಿಲುಗಡೆಯಿಂದ ಹುಟ್ಟಿದವು.

ಹಿನ್ನೆಲೆ

ಕದ್ದ ಗಾಡಿಯನ್ನು ರೇಡಿಯೋ ಮೂಲಕ ಹುಡುಕುವ ಪದ್ಧತಿ ಜಿಪಿಎಸ್ ಜನಬಳಕೆಗೆ ಬರುವ ಮೊದಲೇ ಇತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫೀಲ್ಡ್ ಪಟ್ಟಣದ ಪೊಲೀಸ್ ಕಮಿಷನರ್ ಆಗಿದ್ದ ವಿಲಿಯಂ ರೇಗನ್ ಕಟ್ಟಿದ ಲೋಜ್ಯಾಕ್ ವ್ಯವಸ್ಥೆ 1986ರಲ್ಲಿ ಆ ರಾಜ್ಯದಲ್ಲಿ ಚಾಲನೆಗೆ ಬಂತು. ಗಾಡಿಯನ್ನು ಅಡ್ಡಹಾಕಿ ಒಯ್ಯುವುದಕ್ಕೆ ಇಂಗ್ಲಿಷಿನಲ್ಲಿರುವ ಹೈಜ್ಯಾಕ್ ಎಂಬ ಮಾತಿನ ‘ಹೈ’ ತೆಗೆದು ‘ಲೋ’ ಸೇರಿಸಿದ ಹೆಸರು ಅದು. ಕಾರಿನಲ್ಲಿ ಅಡಗಿಸಿದ ಸಾಧನ ಮಾಮೂಲು ದಿನಗಳಲ್ಲಿ ಮೌನವಾಗಿರುತ್ತಿತ್ತು. ಕಳವಿನ ದೂರು ಪೊಲೀಸ್ ಕಂಪ್ಯೂಟರಿಗೆ ಏರಿದೊಡನೆ ಗೋಪುರಗಳಿಂದ ಸಂಕೇತ ಹೊರಟು ಸಾಧನವನ್ನು ಎಬ್ಬಿಸುತ್ತಿತ್ತು, ಅದು 173.075 ಮೆಗಾಹರ್ಟ್ಸ್‌ನಲ್ಲಿ ಮಿಡಿಯತೊಡಗುತ್ತಿತ್ತು. ಗಸ್ತು ಕಾರಿನ ಚಾವಣಿಯ ನಾಲ್ಕು ಆಂಟೆನಾಗಳು ಆ ಮಿಡಿತ ಯಾವ ದಿಕ್ಕಿನದು, ಎಷ್ಟು ಬಲದ್ದು ಎಂದು ತೋರಿಸುತ್ತಿದ್ದವು. ಅಕ್ಷಾಂಶ, ರೇಖಾಂಶಗಳ ಗೊಡವೆಯೇ ಇರಲಿಲ್ಲ. ಸದ್ದು ಹೆಚ್ಚಾದ ಕಡೆ ಪೊಲೀಸರು ಗಾಡಿ ತಿರುಗಿಸುತ್ತಿದ್ದರು. ಬ್ರಿಟನ್ನಿನಲ್ಲಿ ಇದೇ ತಂತ್ರವನ್ನು ಆಧರಿಸಿದ, ‘ಟ್ರ್ಯಾಕರ್’ ಎಂಬ ಹೆಸರಿನದೇ ಸೇವೆ 1993ರಲ್ಲಿ ಆರಂಭವಾಯಿತು.

ಲೋಜ್ಯಾಕ್ ಇದ್ದ ಕಾರಿನ ಮೇಲೆ ಅದರ ಗುರುತು ಅಂಟಿಸುತ್ತಿರಲಿಲ್ಲ. ಯಾವ ಕಾರಿನಲ್ಲಿ ಸಾಧನವಿದೆ ಎಂದು ಕಳ್ಳನಿಗೆ ತಿಳಿಯದ ಕಾರಣ ಎಲ್ಲ ಕಾರುಗಳೂ ಅವನಿಗೆ ಅಪಾಯವಾಗಿಯೇ ಕಂಡವು. ಅರ್ಥಶಾಸ್ತ್ರಜ್ಞರಾದ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಧನದಿಂದ ಸಮಾಜಕ್ಕಾದ ಒಟ್ಟು ಲಾಭದಲ್ಲಿ ಅದಕ್ಕೆ ಹಣ ಕೊಟ್ಟವನ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದದ್ದು ಬೀದಿಯ ಎಲ್ಲರಿಗೂ ಹಂಚಿಹೋಗುತ್ತದೆ. ಇಂದು ವ್ಯಾನಿನ ಕಿಟಕಿಗೆ ‘ಟ್ರ್ಯಾಕರ್ ಇದೆ’ ಎಂದು ಚೀಟಿ ಅಂಟಿಸುವವರು ಈ ಲೆಕ್ಕವನ್ನು ತಿರುವುಮುರುವು ಮಾಡುತ್ತಾರೆ. ಚೀಟಿ ಹವ್ಯಾಸಿ ಕಳ್ಳನನ್ನು ಪಕ್ಕದ ಗಾಡಿಯತ್ತ ಕಳಿಸಬಹುದು. ಕಸುಬುದಾರ ಕಳ್ಳನಿಗೆ ಅದು ಮೊದಲು ಏನನ್ನು ಹುಡುಕಿ ಕೀಳಬೇಕು ಎಂಬ ಸೂಚನೆ. ಎರಡರಲ್ಲಿ ಯಾವುದು ಮೇಲು ಎಂಬುದು ಆ ಊರಿನ ಕಳ್ಳರ ಮೇಲೆ ನಿಂತಿದೆ.

ಅಮೆರಿಕದ ರಕ್ಷಣಾ ಇಲಾಖೆ ಜಿಪಿಎಸ್‌ನ ಮೊದಲ ಉಪಗ್ರಹವನ್ನು ಹಾರಿಸಿದ್ದು 1978ರಲ್ಲಿ. ವ್ಯವಸ್ಥೆ ಪೂರ್ತಿಯಾಗಿ ಕೆಲಸಕ್ಕೆ ಬಂದದ್ದು 1995ರಲ್ಲಿ. ನಾಗರಿಕರಿಗೆ ಸಿಗುತ್ತಿದ್ದ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದುದರಿಂದ ಸುಮಾರು 100 ಮೀಟರ್‌ವರೆಗೆ ತಪ್ಪು ಬರುತ್ತಿತ್ತು; 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ ಅದನ್ನು ನಿಲ್ಲಿಸಲಾಯಿತು. ಯಾವ ಬೀದಿ ಎಂದಷ್ಟೇ ಅಲ್ಲದೆ ಯಾವ ಮನೆಯ ಮುಂದೆ ಎಂದೂ ಹೇಳಬಲ್ಲ ಅಗ್ಗದ ಟ್ರ್ಯಾಕರ್ ಅಲ್ಲಿಂದ ಮುಂದಿನದು.

ಪಂಚಾಂಗ ಮತ್ತು ಬ್ಯಾಟರಿ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನೆಲ ಮುಟ್ಟುವ ಹೊತ್ತಿಗೆ ಅವುಗಳ ಸಂಕೇತ ರಿಸೀವರಿನ ಒಳಗಿನ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಪ್ರತಿ ಉಪಗ್ರಹವೂ ತನ್ನದೇ ಆದ 1,023 ಸೊನ್ನೆ-ಒಂದುಗಳ ಸಾಲನ್ನು ಸೆಕೆಂಡಿಗೆ ಸಾವಿರ ಬಾರಿ ಪುನರುಚ್ಚರಿಸುತ್ತದೆ. ಸಂತೆಯ ಗಲಾಟೆಯಲ್ಲೂ ತನ್ನ ಹೆಸರು ಕೂಗಿದ್ದು ಕೇಳಿಸುವಂತೆ, ಆ ಸಾಲನ್ನು ಮೊದಲೇ ಬಲ್ಲ ರಿಸೀವರ್ ಗದ್ದಲದೊಳಗಿಂದ ಅದನ್ನು ಹೆಕ್ಕುತ್ತದೆ. ಸ್ಥಳ ಗೊತ್ತುಮಾಡಲು ಕನಿಷ್ಠ ನಾಲ್ಕು ಉಪಗ್ರಹ ಬೇಕು: ಮೂರು ಸ್ಥಳಕ್ಕೆ, ಒಂದು ರಿಸೀವರಿನ ಗಡಿಯಾರದ ತಪ್ಪು ತಿದ್ದಲು. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ.

ಆ ಕ್ಷಣದಲ್ಲಿ ಉಪಗ್ರಹ ಆಕಾಶದ ಯಾವ ಬಿಂದುವಿನಲ್ಲಿದೆ ಎಂಬುದೂ ತಿಳಿದಿರಬೇಕು. ಆ ಪಂಚಾಂಗವನ್ನು ಉಪಗ್ರಹವೇ ಓದಿ ಹೇಳುತ್ತದೆ, ಆದರೆ ತೀರ ನಿಧಾನವಾಗಿ: ಸೆಕೆಂಡಿಗೆ 50 ಬಿಟ್. ತನ್ನ ಕಕ್ಷೆಯ ನಿಖರ ವಿವರ ಹೇಳುವ ಆವರ್ತ 30 ಸೆಕೆಂಡಿನದು. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಮುಗಿಯಲು ಹನ್ನೆರಡೂವರೆ ನಿಮಿಷ. ನಿಖರ ವಿವರ ನಾಲ್ಕು ಗಂಟೆಗಳಲ್ಲಿ ಹಳಸುತ್ತದೆ. ಓಡುವ ಟ್ಯಾಕ್ಸಿಯ ಟ್ರ್ಯಾಕರಿಗೆ ಇದರ ಬಿಸಿ ತಟ್ಟದು. ಅದು ಸದಾ ಎಚ್ಚರವಿದ್ದು ಪಂಚಾಂಗವನ್ನು ಹೊಸದಾಗಿಟ್ಟುಕೊಳ್ಳುತ್ತದೆ. ದಿನಕ್ಕೊಮ್ಮೆ ಮಾತ್ರ ಎಚ್ಚರಗೊಳ್ಳುವ ವ್ಯಾನಿನ ಟ್ರ್ಯಾಕರ್ ಪ್ರತಿ ಸಲವೂ ಮೊದಲಿಂದ ಓದಬೇಕು. ಮೊಬೈಲ್ ಜಾಲದಿಂದ ಪಂಚಾಂಗ ಇಳಿಸಿಕೊಳ್ಳುವ ಸೌಲಭ್ಯವಿದ್ದರೆ ಕೆಲವೇ ಸೆಕೆಂಡು ಸಾಕು.

ತೆರೆದ ಆಕಾಶದಡಿ ರಿಸೀವರ್ 25 ಮಿಲಿಆಂಪಿಯರ್‌ನಂತೆ 30 ಸೆಕೆಂಡ್ ದುಡಿದರೆ ಖರ್ಚು ಸುಮಾರು 0.2 ಮಿಲಿಆಂಪಿಯರ್-ಗಂಟೆ. ಮೋಡೆಮ್ ಟವರ್ ಹುಡುಕಿ ಸಂದೇಶ ಕಳಿಸಲು ಸರಾಸರಿ 100 ಮಿಲಿಆಂಪಿಯರ್‌ನಂತೆ ಒಂದು ನಿಮಿಷ ತೆಗೆದುಕೊಂಡರೆ ಇನ್ನೊಂದು 1.7. ಎರಡೂ ಸೇರಿ ದಿನಕ್ಕೆ 2 ಮಿಲಿಆಂಪಿಯರ್-ಗಂಟೆ ಎಂದುಕೊಂಡರೆ 2,400 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಸೆಲ್ ಕಾಗದದ ಮೇಲೆ ಮೂರು ವರ್ಷ ಬರಬೇಕು. ಚಳಿ, ನಿದ್ದೆಯಲ್ಲೂ ಸೋರುವ ಕರೆಂಟು, ಸೆಲ್ಲಿನ ವಯಸ್ಸು ಅದನ್ನು ತಗ್ಗಿಸುತ್ತವೆ. ಡಬ್ಬಿಯನ್ನು ಉಕ್ಕಿನ ಚಾವಣಿಯ ಕೆಳಗೆ ಇಟ್ಟರೆ ಕತೆಯೇ ಬೇರೆ: ಉಪಗ್ರಹ ಸಿಗದೆ ರಿಸೀವರ್ ಐದು ನಿಮಿಷ ತಡಕಾಡಿದರೆ ಅದೊಂದಕ್ಕೇ 2 ಮಿಲಿಆಂಪಿಯರ್-ಗಂಟೆ ಹೋಗಿ, ದಿನದ ಖರ್ಚು ದುಪ್ಪಟ್ಟಾಗುತ್ತದೆ. ಜಾಗ ಕೆಟ್ಟರೆ ಸ್ಥಳವೂ ಸಿಗದು, ಸೆಲ್ಲೂ ಉಳಿಯದು.

ಗಾಡಿಯ ಬ್ಯಾಟರಿಗೇ ವೈರು ಎಳೆದರೆ ನಿಶ್ಚಿಂತೆ ಎಂಬ ಭಾವನೆ ವ್ಯಾನಿನ ಮಟ್ಟಿಗೆ ಅರ್ಧ ಸತ್ಯ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಹಾಳಾಗದಂತೆ ಬಳಸಬಹುದಾದದ್ದು ಸುಮಾರು ಅರ್ಧ. ಸೆಂಟ್ರಲ್ ಲಾಕ್, ಅಲಾರಂ, ರೇಡಿಯೋ ಸೇರಿ ನಿಂತ ಗಾಡಿ 30 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ 69 ದಿನ; ಅದರ ಮೇಲೆ ಟ್ರ್ಯಾಕರ್ 10 ಎಳೆದರೆ 52 ದಿನ. ನವೆಂಬರ್ ಮೊದಲಿಗೆ ನಿಂತ ಗಾಡಿಯ ಬ್ಯಾಟರಿ ಕ್ರಿಸ್‌ಮಸ್ ಹೊತ್ತಿಗೇ ಬಸವಳಿದಿರುತ್ತದೆ. ಚಾವಣಿಯ ಸೌರಫಲಕ ನೆರವಾಗಬಹುದು, ಆದರೆ ಎಷ್ಟೋ ವ್ಯಾನುಗಳಲ್ಲಿ ಅದು ಒಳಗಿನ ದೀಪ, ಫ್ರಿಜ್ಜುಗಳ ಬ್ಯಾಟರಿಯನ್ನಷ್ಟೇ ತುಂಬುತ್ತದೆ. ಟ್ರ್ಯಾಕರನ್ನು ಇಂಜಿನ್ ಬ್ಯಾಟರಿಗೆ ಜೋಡಿಸಿದ್ದರೆ ಬಿಸಿಲಿದ್ದೂ ಪ್ರಯೋಜನವಿಲ್ಲ. ಮೇಲೆ ಹೊದಿಕೆ ಹಾಕಿದ್ದರೆ ಫಲಕವೂ ಕುರುಡು.

ಅಡಗಿಸುವ ಜಾಗ

ಫಿಯಾಟ್ ಡುಕಾಟೊದಂಥ ಉಕ್ಕಿನ ವ್ಯಾನನ್ನು ಒಳಗಿಂದ ಬದಲಿಸಿದ ಗಾಡಿಗೂ, ಅದೇ ಛಾಸಿಯ ಮೇಲೆ ಫೈಬರ್‌ಗ್ಲಾಸ್ ಮನೆ ಕೂರಿಸಿದ ಗಾಡಿಗೂ ರೇಡಿಯೋ ದೃಷ್ಟಿಯಿಂದ ಅಜಗಜಾಂತರ. ಫೈಬರ್‌ಗ್ಲಾಸ್ ಮೂಲಕ ಉಪಗ್ರಹದ ಸಂಕೇತ ಸಲೀಸಾಗಿ ಇಳಿಯುತ್ತದೆ, ಮೇಲಿನ ಕಪಾಟಿನ ಹಿಂದೆಯೂ ಡಬ್ಬಿ ಕೆಲಸ ಮಾಡುತ್ತದೆ. ಉಕ್ಕಿನ ಗಾಡಿಯಲ್ಲಿ ಪ್ಲಾಸ್ಟಿಕ್ ಡ್ಯಾಶ್‌ಬೋರ್ಡಿನ ಮೇಲ್ಭಾಗ, ಬಂಪರಿನ ಒಳಗು, ಚಾವಣಿ ಕಿಟಕಿಯ ಚೌಕಟ್ಟಿನಂಥ ಕೆಲವೇ ಜಾಗಗಳಿವೆ. ಕಳ್ಳ ಮೊದಲು ಕೈಹಾಕುವುದು ಸ್ಟೇರಿಂಗ್ ಕೆಳಗಿನ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ, ಆಮೇಲೆ ಫ್ಯೂಸ್ ಪೆಟ್ಟಿಗೆಗೆ, ಚಾಲಕನ ಸೀಟಿನ ಬುಡಕ್ಕೆ. ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಟ್ರ್ಯಾಕರ್ ಜೋಡಿಸಲು ಎಷ್ಟು ಸುಲಭವೋ ಕಿತ್ತೆಸೆಯಲೂ ಅಷ್ಟೇ ಸುಲಭ. ಬಲ್ಲವರು ಎರಡು ಇಡುತ್ತಾರೆ: ಒಂದು ವೈರಿಗೆ ಜೋಡಿಸಿದ್ದು, ಇನ್ನೊಂದು ಸ್ವಂತ ಸೆಲ್ಲಿನದು, ದಿನಕ್ಕೊಮ್ಮೆ ಮಾತ್ರ ಉಸಿರೆತ್ತುವಂಥದ್ದು.

ಇಗ್ನಿಷನ್ ಆರಿದ್ದರೂ ಗಾಡಿ ಚಲಿಸಿದರೆ ಟ್ರ್ಯಾಕರ್ ಅದನ್ನು ಎಳೆದೊಯ್ಯುತ್ತಿದ್ದಾರೆಂದು ತಿಳಿಯುತ್ತದೆ. ಡೋವರ್‌ನಿಂದ ಕ್ಯಾಲೇಗೆ ಹೋಗುವ ಹಡಗಿನಲ್ಲಿ ವ್ಯಾನ್ ನಿಲ್ಲಿಸಿ ಮೇಲೆ ಚಹಾ ಕುಡಿಯುತ್ತಿರುವ ಮಾಲೀಕನಿಗೆ ‘ನಿಮ್ಮ ಗಾಡಿ ಕಳವಾಗಿರಬಹುದು’ ಎಂಬ ಕರೆ ಬರುವುದು ಈ ತರ್ಕದಿಂದ. ಅದಕ್ಕೆಂದೇ ಅನೇಕ ಸೇವೆಗಳಲ್ಲಿ ಈ ಎಚ್ಚರಿಕೆಯನ್ನು ತಡೆಹಿಡಿಯುವ ‘ಸಾಗಣೆ ಸ್ಥಿತಿ’ ಎಂಬ ಗುಂಡಿ ಇದೆ. ಹತ್ತುವಾಗ ಅದನ್ನು ಒತ್ತಲು ಮರೆಯುವುದಕ್ಕಿಂತ ಇಳಿದ ಮೇಲೆ ಆರಿಸಲು ಮರೆಯುವುದು ಹೆಚ್ಚು ದುಬಾರಿ.

ಕಳ್ಳರ ಪ್ರತಿತಂತ್ರ

ಸಂಕೇತ ಅಷ್ಟು ಕ್ಷೀಣವಾದ್ದರಿಂದ ಅದನ್ನು ಮುಚ್ಚಿಹಾಕಲು ಪುಟ್ಟ ಜ್ಯಾಮರ್ ಸಾಕು. 2012ರಲ್ಲಿ ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದ ವಿಮಾನ ಇಳಿಸುವ ಉಪಗ್ರಹ ಆಧಾರಿತ ವ್ಯವಸ್ಥೆಗೆ ಅಡಚಣೆಯಾದಾಗ ತನಿಖೆ ಒಂದು ಪಿಕಪ್ ಗಾಡಿಯ ಬಳಿ ಹೋಗಿ ನಿಂತಿತು: ತಾನು ಎಲ್ಲೆಲ್ಲಿ ಸುತ್ತುತ್ತೇನೆಂದು ಕೆಲಸ ಕೊಟ್ಟವರಿಗೆ ತಿಳಿಯದಿರಲೆಂದು ಚಾಲಕ ಜ್ಯಾಮರ್ ಇಟ್ಟುಕೊಂಡಿದ್ದ. ಮರುವರ್ಷ ಸುಮಾರು 32 ಸಾವಿರ ಡಾಲರ್ ದಂಡದ ಪ್ರಸ್ತಾವ ಬಂತು. ಜ್ಯಾಮರ್ ಬಳಕೆ ಬ್ರಿಟನ್ನಿನಲ್ಲೂ ಅಪರಾಧ. ಉತ್ತಮ ಟ್ರ್ಯಾಕರುಗಳು ಗದ್ದಲ ಏಕಾಏಕಿ ಏರಿದ್ದನ್ನು ಗುರುತಿಸಿ ವರದಿ ಮಾಡುತ್ತವೆ. ಮೊಬೈಲ್ ಜಾಲವನ್ನೂ ಜ್ಯಾಮ್ ಮಾಡಿದ್ದರೆ ವರದಿ ಹೊರಡುವುದೇ ಇಲ್ಲ. ಲೋಜ್ಯಾಕ್ ಮಾದರಿಯ ಹಳೆಯ ವಿಎಚ್‌ಎಫ್ ರೇಡಿಯೋ ಮಿಡಿತವನ್ನು ಇಂದಿಗೂ ಕೆಲವರು ಜೊತೆಗಿಟ್ಟುಕೊಂಡಿರುವುದು ಇದಕ್ಕೇ; ಅದು ನೆಲಮಾಳಿಗೆಯಿಂದಲೂ ಕೇಳಿಸಬಲ್ಲದು.

ಇನ್ನೊಂದು ಉಪಾಯಕ್ಕೆ ಯಂತ್ರವೇ ಬೇಡ. ಕದ್ದ ಗಾಡಿಯನ್ನು ಯಾವುದೋ ವಸತಿ ಬೀದಿಯಲ್ಲೋ ಆಸ್ಪತ್ರೆಯ ಪಾರ್ಕಿಂಗಿನಲ್ಲೋ ಕೆಲವು ದಿನ ಬಿಟ್ಟು, ಯಾರಾದರೂ ಹುಡುಕಿಕೊಂಡು ಬರುತ್ತಾರೆಯೇ ಎಂದು ದೂರದಿಂದ ನೋಡುತ್ತಾರೆ. ಯಾರೂ ಬಾರದಿದ್ದರೆ ಮುಂದಿನ ಪಯಣ. ಹಡಗಿನ ಕಂಟೇನರಿನ ಬಾಗಿಲು ಸುಮಾರು 2.28 ಮೀಟರ್ ಎತ್ತರ, ಎತ್ತರದ ಮಾದರಿಯಲ್ಲಿ 2.58. ಚಾವಣಿ ಮಡಚಿದ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ 2 ಮೀಟರಿನ ಆಸುಪಾಸಿನದು, ನಿರಾಯಾಸವಾಗಿ ಹಿಡಿಸುತ್ತದೆ; ಉಕ್ಕಿನ ಆ ಪೆಟ್ಟಿಗೆಯಿಂದ ಸಂಕೇತ ಹೊರಬರುವುದು ಕಷ್ಟ. 2.8 ಮೀಟರ್ ದಾಟುವ ಮನೆಗಾಡಿ ಅದರೊಳಗೆ ಹೋಗದು, ರಸ್ತೆಯಲ್ಲೇ ಸಾಗಬೇಕು. ಯುರೋಪಿನ ಷೆಂಗೆನ್ ದೇಶಗಳ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆಯಿಲ್ಲದ ಕಾರಣ ಅದೂ ದೊಡ್ಡ ಅಡ್ಡಿಯಲ್ಲ. ಅಲ್ಲಿನ ಪೊಲೀಸರು ಹಂಚಿಕೊಳ್ಳುವ ಷೆಂಗೆನ್ ಮಾಹಿತಿ ವ್ಯವಸ್ಥೆಗೆ ಕದ್ದ ಗಾಡಿಯ ವಿವರ ಸೇರುವುದು ದೂರು ದಾಖಲಾದ ಮೇಲೆ. ಚಳಿಗಾಲದ ಅಂಗಳದಿಂದ ಹೋದ ವ್ಯಾನಿನ ದೂರು ಎಷ್ಟು ತಡ ಎಂಬುದನ್ನು ಮೇಲೆ ನೋಡಿದ್ದೇವೆ.

ಮಾನದಂಡ, ಜಾಲ

ಬ್ರಿಟನ್ನಿನಲ್ಲಿ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ಥ್ಯಾಚಮ್ 2019ರಿಂದ ಟ್ರ್ಯಾಕರುಗಳನ್ನು ಎಸ್5, ಎಸ್7 ಎಂದು ವರ್ಗೀಕರಿಸುತ್ತದೆ. ಎಸ್7 ಸ್ಥಳ ಹೇಳುತ್ತದೆ, ಬ್ಯಾಟರಿ ಕಿತ್ತರೆ ಎಚ್ಚರಿಸುತ್ತದೆ. ಎಸ್5ನಲ್ಲಿ ಚಾಲಕನ ಜೇಬಿನ ಗುರುತುಬಿಲ್ಲೆ ಇಲ್ಲದೆ ಗಾಡಿ ಹೊರಟರೂ ಎಚ್ಚರಿಕೆ ಬರುತ್ತದೆ, ಇಂಜಿನ್ ಮತ್ತೆ ಚಾಲೂ ಆಗದಂತೆ ದೂರದಿಂದ ತಡೆಯಬಹುದು. ಗಾಡಿ ಹೋದದ್ದು ವಾರಗಳ ಮೇಲೆ ತಿಳಿಯುವ ಸಂಕಟಕ್ಕೆ ಆ ಬಿಲ್ಲೆಯೇ ನೇರ ಉತ್ತರ.

ಮೊಬೈಲ್ ಜಾಲ ಮುಚ್ಚಿದರೆ ಟ್ರ್ಯಾಕರ್ ಸದ್ದಿಲ್ಲದೆ ಸಾಯುತ್ತದೆ. ಅಮೆರಿಕದ ಎಟಿ ಅಂಡ್ ಟಿ 2016ರ ಕೊನೆಗೆ 2ಜಿ, 2022ರಲ್ಲಿ 3ಜಿ ನಿಲ್ಲಿಸಿತು. ಬ್ರಿಟನ್ 2033ರೊಳಗೆ 2ಜಿ ಮುಚ್ಚಲಿದೆ. ಹಳೆಯ ವ್ಯಾನ್ ಕೊಳ್ಳುವಾಗ ‘ಟ್ರ್ಯಾಕರ್ ಸಹಿತ’ ಎಂಬ ಮಾತು ಕೇಳಿದರೆ ಯಾವ ಜಾಲದ್ದೆಂದು ವಿಚಾರಿಸುವುದು ಒಳ್ಳೆಯದು.

ಬ್ಲೂಟೂತ್ ಬಿಲ್ಲೆಗಳು

ಆಪಲ್ 2021ರಲ್ಲಿ ತಂದ ಏರ್‌ಟ್ಯಾಗ್‌ನಲ್ಲಿ ಜಿಪಿಎಸ್ಸೂ ಇಲ್ಲ, ಸಿಮ್ಮೂ ಇಲ್ಲ. ಹತ್ತಿರ ಹಾದುಹೋಗುವ ಅಪರಿಚಿತರ ಐಫೋನುಗಳು ಅದರ ಬ್ಲೂಟೂತ್ ದನಿ ಕೇಳಿ ಸ್ಥಳ ತಿಳಿಸುತ್ತವೆ. ಗುಂಡಿ ಸೆಲ್ಲಿನಲ್ಲಿ ಒಂದು ವರ್ಷದ ಆಸುಪಾಸು ನಡೆಯುವುದರಿಂದ ನಿಂತ ವ್ಯಾನಿಗೆ ಆಕರ್ಷಕ. ತೊಂದರೆ ಅದರ ಸೌಜನ್ಯದಲ್ಲಿದೆ. ಹೆಂಗಸರ ಬೆನ್ನುಹತ್ತಲು ಇಂಥ ಬಿಲ್ಲೆಗಳನ್ನು ಬಳಸಿದ ಪ್ರಕರಣಗಳು ಹೊರಬಂದ ಮೇಲೆ, ಅಪರಿಚಿತ ಬಿಲ್ಲೆ ಜೊತೆಗೆ ಸಾಗುತ್ತಿದ್ದರೆ ಫೋನೇ ಎಚ್ಚರಿಸುವ ಏರ್ಪಾಟನ್ನು ಆಪಲ್ ಮತ್ತು ಗೂಗಲ್ ಒಟ್ಟಾಗಿ 2024ರಲ್ಲಿ ಜಾರಿಗೆ ತಂದವು. ನ್ಯಾಯವಾದ ಕ್ರಮವೇ. ಆದರೆ ವ್ಯಾನ್ ಕದ್ದವನ ಫೋನಿಗೂ ಅದೇ ಎಚ್ಚರಿಕೆ ಹೋಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ಟ್ರ್ಯಾಕರನ್ನು ಕಾನೂನು ತಂದದ್ದು ಕಳವಿಗಿಂತ ಪ್ರಯಾಣಿಕರ ಸುರಕ್ಷತೆಗಾಗಿ. ಕೇಂದ್ರ ಮೋಟಾರು ವಾಹನ ನಿಯಮ 125ಎಚ್ ಪ್ರಕಾರ 2019ರ ಜನವರಿ 1ರಿಂದ ನೋಂದಣಿಯಾಗುವ ಬಸ್, ಟ್ಯಾಕ್ಸಿಯಂಥ ಸಾರ್ವಜನಿಕ ಸೇವಾ ವಾಹನಗಳಲ್ಲಿ ಎಐಎಸ್-140 ಮಾನದಂಡದ ಪತ್ತೆ ಸಾಧನ ಮತ್ತು ಅಪಾಯದ ಗುಂಡಿ ಕಡ್ಡಾಯ. ಸ್ವಂತ ಬಳಕೆಯ ವ್ಯಾನಿಗೆ ಅಲ್ಲ. ಜಿಪಿಎಸ್‌ನಂಥದೇ ಸ್ವಂತ ವ್ಯವಸ್ಥೆಯೂ ಭಾರತಕ್ಕಿದೆ: ಇಸ್ರೋದ ನಾವಿಕ್. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅಗ್ಗದ ರಿಸೀವರುಗಳು ಕೇಳುವ ಎಲ್1 ಎಂಬ ತರಂಗಪಟ್ಟಿಯಲ್ಲಿ ನಾವಿಕ್ ಸಂಕೇತ ಕೊಡುವ ಮೊದಲ ಉಪಗ್ರಹ ಎನ್‌ವಿಎಸ್-01 ಮೇಲೇರಿದ್ದು 2023ರ ಮೇ 29ರಂದು. ಎಐಎಸ್-140 ಸಾಧನಕ್ಕೆ ಗಾಡಿಯ ವೈರು ಕಡಿದ ಮೇಲೂ 4 ಗಂಟೆ ನಡೆಯುವ ಒಳ ಬ್ಯಾಟರಿ ಇರಬೇಕು. ದಿನವೂ ಡಿಪೋಗೆ ಮರಳುವ ಬಸ್ಸಿಗೆ ಹೊಂದುವ ಅಳತೆ ಅದು.