ನೋವಿಗಿಂತ ಮೊದಲು: ಶಿಪ್‌ಹ್ಯಾಮ್ ಮಣ್ಣಿನ ಕತೆ

ನಾನಿರೋ ಸಟನ್‌ನಿಂದ ಪಶ್ಚಿಮಕ್ಕೆ ಸುಮಾರು ಮೂರು ಗಂಟೆ ಕಾರು ಓಡಿಸಿದ್ರೆ ಸಾಮರ್‌ಸೆಟ್‌ನ ಶಿಪ್‌ಹ್ಯಾಮ್ ಹಳ್ಳಿ ಸಿಗುತ್ತೆ. 1979ರಲ್ಲಿ ಆ ಊರಿನವರಿಗೆ ಒಂದು ಸುದ್ದಿ ಬಂತು: ನಿಮ್ಮ ಹಿತ್ತಲಿನ ಮಣ್ಣಲ್ಲಿ ಕ್ಯಾಡ್ಮಿಯಂ ಇದೆ. ಕಿಲೋಗೆ ಒಂದು ಮಿಲಿಗ್ರಾಂ ಕೂಡ ಇರದ ಸಾಮಾನ್ಯ ಮಣ್ಣಿನ ಎದುರು, ಅಲ್ಲಿ ಕೆಲವು ಕಡೆ 360 ಮಿಲಿಗ್ರಾಂವರೆಗೆ ಇತ್ತು.

ಎಲ್ಲಿಂದ ಬಂತು ಅಂತೀರಾ? 18ನೇ ಶತಮಾನದಲ್ಲಿ ಬ್ರಿಸ್ಟಲ್‌ನ ಹಿತ್ತಾಳೆ ಕೆಲಸಕ್ಕೆಂದು ಅಲ್ಲಿ ಕ್ಯಾಲಮೈನ್ ಅನ್ನೋ ಸತುವಿನ ಅದಿರು ಅಗೆಯುತ್ತಿದ್ದರು. ಸತುವಿನ ಅದಿರಿನ ಜೊತೆ ಕ್ಯಾಡ್ಮಿಯಂ ಬೆರೆತಿರುತ್ತೆ. 1817ರಲ್ಲಿ ಜರ್ಮನಿಯ ಸ್ಟ್ರೋಮೇಯರ್ ಅದನ್ನು ಕಂಡುಹಿಡಿದದ್ದೂ ಸತುವಿನ ಕಾರ್ಬೊನೇಟಿನಲ್ಲೇ. ಗಣಿ ಮುಚ್ಚಿ ನೂರು ವರ್ಷ ದಾಟಿದ್ರೂ ಮಣ್ಣು ಮರೆತಿರಲಿಲ್ಲ.

ಇಂಥ ಸುದ್ದಿಗೆ ಜನ ಯಾಕೆ ಹೆದರಬೇಕು ಅನ್ನೋದಕ್ಕೆ ಜಪಾನಿನ ಉದಾಹರಣೆ ಇತ್ತು. ತೊಯಾಮಾದಲ್ಲಿ ಕಮಿಯೋಕಾ ಗಣಿಯ ಹೊಲಸು ಜಿನ್‌ಜು ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಸೇರಿತ್ತು. ವಯಸ್ಸಾದ ಹೆಂಗಸರ ಮೂಳೆಗಳು ಸುಮ್ಮನೆ ಮುರಿಯುತ್ತಿದ್ದವು. ಕಾಯಿಲೆಯ ಹೆಸರೇ 'ಇತಾಯ್-ಇತಾಯ್', ಅಂದ್ರೆ 'ಅಯ್ಯೋ ನೋವು'. ಸ್ಥಳೀಯ ವೈದ್ಯ ಹಗಿನೊ ನೊಬೊರು ವರ್ಷಗಟ್ಟಲೆ ಗಣಿಯತ್ತ ಬೆರಳು ತೋರಿಸಿದ ಮೇಲೆ, 1968ರಲ್ಲಿ ಸರ್ಕಾರ ಒಪ್ಪಿಕೊಂಡಿತು.

ಆದ್ರೆ ಗಮನಿಸಿ, ಮೂಳೆ ಮುರಿಯೋದು ಕೊನೆಗೆ. ಮೊದಲು ಕೆಡೋದು ಕಿಡ್ನಿಯ ಸಣ್ಣ ನಾಳಗಳು. ಸೋಸಿ ಬಂದ ಪುಟ್ಟ ಪ್ರೋಟೀನ್‌ಗಳನ್ನು ವಾಪಸ್ ಎಳ್ಕೊಳ್ಳೋದು ಅವುಗಳ ಕೆಲಸ. ನಾಳ ಸೋತಾಗ ಬೀಟಾ-2 ಮೈಕ್ರೋಗ್ಲಾಬ್ಯುಲಿನ್‌ನಂಥವು ಮೂತ್ರದಲ್ಲಿ ಹೋಗಿಬಿಡ್ತವೆ. 1950ರಲ್ಲೇ ಸ್ವೀಡನ್ನಿನ ಲಾರ್ಸ್ ಫ್ರಿಬರ್ಗ್, ಬ್ಯಾಟರಿ ಕಾರ್ಖಾನೆಯ ಕೆಲಸಗಾರರ ಮೂತ್ರದಲ್ಲಿ ಇಂಥ ಪ್ರೋಟೀನ್ ಇರೋದನ್ನು ವಿವರಿಸಿದ್ದರು. ಮಾಮೂಲಿ ಪಟ್ಟಿ ಅದ್ದಿ ನೋಡೋ ಪರೀಕ್ಷೆ ಮುಖ್ಯವಾಗಿ ಹಿಡಿಯೋದು ಆಲ್ಬುಮಿನ್ ಅನ್ನು, ಇವು ತಪ್ಪಿಸಿಕೊಳ್ತವೆ. ರಕ್ತದ ಕ್ರಿಯಾಟಿನಿನ್ ಏರೋದು ಇನ್ನೂ ತಡ. ಮೂತ್ರ ಹುಳಿಯಾಗಿದ್ರೆ ಬೀಟಾ-2 ಕೂಡ ಒಡೆದುಹೋಗುತ್ತೆ, ಅದಕ್ಕೇ ಆಲ್ಫಾ-1 ಮೈಕ್ರೋಗ್ಲಾಬ್ಯುಲಿನ್ ಕೂಡ ನೋಡ್ತಾರೆ.

ಶಿಪ್‌ಹ್ಯಾಮ್‌ನವರು ಮೂತ್ರ, ರಕ್ತ ಕೊಟ್ಟರು. ದೇಹದಲ್ಲಿ ಕ್ಯಾಡ್ಮಿಯಂ ಸ್ವಲ್ಪ ಹೆಚ್ಚಿತ್ತು, ಆದ್ರೆ ತೊಯಾಮಾದ ಕಾಯಿಲೆ ಕಾಣಲಿಲ್ಲ. ಸುಣ್ಣದಂಶದ ಮಣ್ಣು ಲೋಹವನ್ನು ಬಿಗಿಯಾಗಿ ಹಿಡಿದಿಟ್ಟಿತ್ತು. ಊಟದ ಬಹುಪಾಲು ಅಂಗಡಿಯಿಂದ ಬರುತ್ತಿತ್ತು. ಅದೇ ಲೋಹ, ಬೇರೆ ಮಣ್ಣು, ಬೇರೆ ತಟ್ಟೆ.

ಇದನ್ನ ನಿಮಗೆ ಯಾಕೆ ಹೇಳ್ತಿದೀನಿ? ಕ್ಯಾಡ್ಮಿಯಂನ ಅರ್ಧ ಭಾಗ ದೇಹದಿಂದ ಹೋಗೋಕೆ 10ರಿಂದ 30 ವರ್ಷ ಬೇಕು. ನಾಳಗಳು ತೀರಾ ಕೆಟ್ಟ ಮೇಲೆ ಸರಿಹೋಗೋದು ಕಷ್ಟ. ಊರಲ್ಲಿ ಅಪ್ಪ ಬ್ಯಾಟರಿ ಅಥವಾ ಲೋಹದ ಲೇಪನದ ಕೆಲಸ ಮಾಡಿದ್ರೆ, ಬೀಡಿ ಸೇದ್ತಿದ್ರೆ, ಡಾಕ್ಟರಿಗೆ ಆ ಹಳೇ ಕತೆಯನ್ನೂ ಹೇಳಿ. ರಿಪೋರ್ಟ್ ನಾರ್ಮಲ್ ಅಂದಾಗ ಒಂದೇ ಪ್ರಶ್ನೆ ಕೇಳಿ: ಏನನ್ನು ಅಳೆದು ನಾರ್ಮಲ್ ಅಂತಿದೀರಿ?